ಡ್ರಮ್ ಕೂರುತ್ತಿಲ್ಲ, ಪೆಡಲ್ ಇಳಿಯುತ್ತಿದೆ: ಮನೆಯಲ್ಲಿ ಕಟ್ಟಿದ ಕಾರಿನ ಹಿಂಬದಿ ಬ್ರೇಕ್

ಪ್ರಶ್ನೆ: ಕಿಟ್ ತರಿಸಿಕೊಂಡು ಎರಡು ಸೀಟಿನ ತೆರೆದ ಕಾರೊಂದನ್ನು ಮನೆಯಲ್ಲೇ ಕಟ್ಟುತ್ತಿದ್ದೇನೆ. ಉಕ್ಕಿನ ಕೊಳವೆಗಳ ಚಾಸಿ, ಮುಂದೆ ಡಿಸ್ಕ್ ಬ್ರೇಕ್. ಹಿಂಬದಿಯ ಆಕ್ಸಲ್ ಹಳೆಯ ಸೆಡಾನ್ ಒಂದರಿಂದ ಬಿಚ್ಚಿದ್ದು, ಅದರ ಡ್ರಮ್ ಬ್ರೇಕಿನ ಭಾಗಗಳೆಲ್ಲ ಬಿಡಿಬಿಡಿಯಾಗಿ ಡಬ್ಬದಲ್ಲಿ ಬಂದವು. ಹೊಸ ಶೂ (ಡ್ರಮ್ಮಿನ ಒಳಗೋಡೆಗೆ ಒತ್ತುವ ಕಮಾನು ಪಟ್ಟಿಗಳು), ಹೊಸ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಶೂಗಳನ್ನು ತಳ್ಳುವ ಭಾಗ) ಹಾಕಿದ್ದೇನೆ. ಬಲಗಡೆ ಡ್ರಮ್ ಸಲೀಸಾಗಿ ಕೂತಿತು, ಎಡಗಡೆಯದು ಎಷ್ಟು ಒತ್ತಿದರೂ ಕೂರುತ್ತಿಲ್ಲ. ಬ್ರೇಕ್ ಪೈಪುಗಳಿಂದ ಎರಡು ಸಲ ಗಾಳಿ ತೆಗೆದರೂ ಪೆಡಲ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಹಳೆಯ ಹ್ಯಾಂಡ್ ಬ್ರೇಕ್ ಕೇಬಲ್ ಈ ಚಾಸಿಗೆ ಉದ್ದವಾಗುತ್ತಿದೆ. ಇದೆಲ್ಲದರ ಬದಲು ಹಿಂದೆಯೂ ಡಿಸ್ಕ್ ಹಾಕಿಬಿಡುವುದು ವಾಸಿಯೇ? ಕಾರು ಸುಮಾರು 620 ಕಿಲೋ ತೂಗಬಹುದು.

ಉತ್ತರ: ಡಿಸ್ಕಿನ ಮಾತು ಆಮೇಲೆ. ಮೊದಲು ಒಂದು ಅನುಮಾನ ಪರಿಹಾರವಾಗಬೇಕು. ಎಡಗಡೆ ಡ್ರಮ್ ಕೂರಲಿಲ್ಲ ಎನ್ನುತ್ತೀರಿ, ಎರಡು ಸಲ ಗಾಳಿ ತೆಗೆದೆ ಎಂದೂ ಹೇಳುತ್ತೀರಿ. ಹಾಗಿದ್ದರೆ ಎಡಗಡೆ ಡ್ರಮ್ ಇಲ್ಲದೆಯೇ ಪೆಡಲ್ ಒತ್ತಿರಬೇಕು. ನಿಮ್ಮ ಎರಡು ತೊಂದರೆಗಳ ಬೇರು ಬಹುಶಃ ಇದೊಂದರಲ್ಲೇ ಇದೆ.

ಡ್ರಮ್ ಇದ್ದಾಗ ಶೂಗಳು ಒಂದೆರಡು ಮಿಲಿಮೀಟರ್ ಸರಿಯುವಷ್ಟರಲ್ಲಿ ಅದರ ಗೋಡೆಗೆ ತಾಗಿ ನಿಲ್ಲುತ್ತವೆ. ಡ್ರಮ್ ಇಲ್ಲದಿದ್ದರೆ ಅವನ್ನು ತಡೆಯುವವರು ಯಾರೂ ಇಲ್ಲ. ವೀಲ್ ಸಿಲಿಂಡರಿನ ಪಿಸ್ಟನ್ ಇದ್ದಷ್ಟು ದೂರ ಹೊರಗೆ ಬರುತ್ತದೆ, ರಬ್ಬರ್ ಸೀಲಿನ ಅಂಚು ಸಿಲಿಂಡರಿನ ಬಾಯಿ ದಾಟಿದರೆ ಒಳಗೆ ಗಾಳಿ, ಹೊರಗೆ ಬ್ರೇಕ್ ಆಯಿಲ್. ನಿಮ್ಮ ಬ್ರೇಕಿನಲ್ಲಿ ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ (ಶೂಗಳ ನಡುವಿನ ದೂರ ಹೊಂದಿಸುವ ಭಾಗ) ಇದ್ದರೆ ಇನ್ನೊಂದು ಆಟವೂ ನಡೆಯುತ್ತದೆ. ಶೂ ಇಷ್ಟು ದೂರ ಹೋಗಬೇಕಾಯಿತೆಂದರೆ ಲೈನಿಂಗ್ (ಶೂ ಮೇಲಿನ ಉಜ್ಜುವ ಪದರ) ಸವೆದಿದೆ ಎಂದು ಅದು ತಿಳಿಯುತ್ತದೆ, ಹಲ್ಲು ಹಲ್ಲಾಗಿ ಉದ್ದವಾಗುತ್ತಾ ಹೋಗುತ್ತದೆ. ಪೆಡಲ್ ಬಿಟ್ಟಾಗ ಸ್ಪ್ರಿಂಗ್‌ಗಳು ಶೂಗಳನ್ನು ಎಳೆದರೂ ಅವು ಹಳೆಯ ಜಾಗಕ್ಕೆ ಮರಳುವುದಿಲ್ಲ. ಹಾಗೆ ಅಗಲವಾಗಿ ನಿಂತ ಶೂಗಳ ಮೇಲೆ ಡ್ರಮ್ ಕೂರಿಸಲು ಹೊರಟರೆ ಕೂರುವುದಾದರೂ ಹೇಗೆ?

ಆದ್ದರಿಂದ ಎಡಗಡೆಯದನ್ನು ಪೂರ್ತಿ ಬಿಚ್ಚಿ. ಸಿಲಿಂಡರಿನ ಎರಡೂ ತುದಿಗಳಲ್ಲಿರುವ ರಬ್ಬರ್ ಟೋಪಿಯ ಅಂಚನ್ನು ಮೊಂಡಾದ ಕಡ್ಡಿಯಿಂದ ಸ್ವಲ್ಪ ಎತ್ತಿ ನೋಡಿ. ಒಳಗೆ ಒಣಗಿದ್ದರೆ ಸರಿ. ಹನಿ ಜಿನುಗಿದರೆ ಪಿಸ್ಟನ್ ಹೊರಗೆ ತೆಗೆದು ಸೀಲ್ ಮಡಚಿಕೊಂಡಿದೆಯೇ, ಅಂಚು ಹರಿದಿದೆಯೇ ನೋಡಬೇಕು. ಸಂಶಯವಿದ್ದರೆ ಸಿಲಿಂಡರ್ ಬದಲಿಸಿ, ಇಲ್ಲಿ ಜುಗ್ಗತನ ಬೇಡ. ಇನ್ನು ಮುಂದೆ ಒಂದು ಕಡೆ ಡ್ರಮ್ ಹೊರಗಿದ್ದರೆ ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟುಬಿಡಿ. ಕಾರು ನೋಡಲು ಬಂದ ಗೆಳೆಯರು ಸೀಟಿನಲ್ಲಿ ಕೂತು ಮೊದಲು ಮಾಡುವ ಕೆಲಸವೇ ಪೆಡಲ್ ತುಳಿಯುವುದು.

ಎಲ್ಲವೂ ಸರಿಯಿದ್ದೂ ಡ್ರಮ್ ಕೂರದಿದ್ದರೆ ನೋಡಬೇಕಾದ ಜಾಗಗಳು ಕೆಲವೇ. ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿದ್ದೀರಾ? ಶೂಗೆ ಅಂಟಿಕೊಂಡ ಹ್ಯಾಂಡ್ ಬ್ರೇಕ್ ಸನ್ನೆಯು (ಕೇಬಲ್ ಎಳೆಯುವ ಒಳಗಿನ ಲಿವರ್) ಹಿಂದಕ್ಕೆ ಹೋಗಿ ತನ್ನ ತಡೆಗೆ ತಾಗಿ ನಿಂತಿದೆಯೇ? ಕೇಬಲ್ ಎಳೆದು ಕಟ್ಟಿದ್ದರೆ ಆ ಸನ್ನೆ ಅರ್ಧದಲ್ಲೇ ನಿಂತು, ಎರಡು ಶೂಗಳ ನಡುವಿನ ಅಡ್ಡಪಟ್ಟಿಯ ಮೂಲಕ ಅವನ್ನು ದೂರವೇ ಇಡುತ್ತದೆ. ಅಡ್ಡಪಟ್ಟಿಯ ಸೀಳು ಸರಿಯಾದ ಶೂಗೆ, ಸರಿಯಾದ ಮುಖವಾಗಿ ಕೂತಿದೆಯೇ? ಶೂಗಳ ತುದಿ ಪಿಸ್ಟನ್ನಿನ ಸೀಳಿನೊಳಗೆ ಇಳಿದಿದೆಯೋ, ಅದರ ಅಂಚಿನ ಮೇಲೆ ಹತ್ತಿ ಕೂತಿದೆಯೋ? ಕೊನೆಯದು ಬರಿಗಣ್ಣಿಗೆ ಮೋಸ ಮಾಡುತ್ತದೆ, ಬೆರಳಾಡಿಸಿ ನೋಡಿದರೆ ಗೊತ್ತಾಗುತ್ತದೆ. ಇಷ್ಟಾದ ಮೇಲೆ ವರ್ನಿಯರ್‌ನಿಂದ ಎರಡೂ ಲೈನಿಂಗುಗಳ ಹೊರಗಿನ ಅಳತೆ ಮತ್ತು ಡ್ರಮ್ಮಿನ ಒಳವ್ಯಾಸ ಹಿಡಿದು ನೋಡಿ. ಶೂಗಳ ಅಳತೆ ಡ್ರಮ್ಮಿಗಿಂತ ಅರ್ಧ ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರಿನಷ್ಟು ಕಡಿಮೆ ಇದ್ದರೆ ಡ್ರಮ್ ಸುಮ್ಮನೆ ಜಾರಿಕೊಂಡು ಹೋಗುತ್ತದೆ. ಸುತ್ತಿಗೆಯಿಂದ ಹೊಡೆದು ಕೂರಿಸುವ ಡ್ರಮ್ ಎಂದರೆ ಒಳಗೆ ಏನೋ ತಪ್ಪಾಗಿದೆ ಎಂದೇ ಅರ್ಥ.

ಈಗ ಜೋಡಣೆಯ ವಿಷಯ. ಓಡುತ್ತಿರುವ ಕಾರಿನ ಬ್ರೇಕ್ ಬಿಚ್ಚುವವರಿಗೆ ಒಂದು ಅನುಕೂಲವಿದೆ: ಒಂದು ಕಡೆ ಬಿಚ್ಚಿ, ಇನ್ನೊಂದು ಕಡೆಯನ್ನು ನೋಡಿಕೊಂಡು ಜೋಡಿಸಬಹುದು. ಡಬ್ಬದಲ್ಲಿ ಬಿಡಿಭಾಗ ತಂದ ನಿಮಗೆ ಆ ಅನುಕೂಲವಿಲ್ಲ. ನೀವು ತಿರುಗುವ ದಿಕ್ಕನ್ನು ನೋಡಿಯೇ ತೀರ್ಮಾನಿಸಬೇಕು.

ಕಾರು ಮುಂದಕ್ಕೆ ಹೋಗುವಾಗ ಚಕ್ರದ ಮೇಲ್ಭಾಗ ಮುಂದಕ್ಕೆ, ಅಲ್ಲಿಂದ ಕೆಳಕ್ಕೆ ತಿರುಗುತ್ತದೆ. ವೀಲ್ ಸಿಲಿಂಡರ್ ಮೇಲೆ, ಶೂಗಳು ಆನಿಕೊಳ್ಳುವ ಜಾಗ ಕೆಳಗೆ ಇದ್ದರೆ, ಮುಂದಿನ ಶೂವಿನ ಮೇಲೆ ಡ್ರಮ್ ಸಿಲಿಂಡರಿನ ಕಡೆಯಿಂದ ಆಸರೆಯ ಕಡೆಗೆ ಉಜ್ಜುತ್ತದೆ. ಆ ಉಜ್ಜುವಿಕೆಯೇ ಶೂವನ್ನು ಇನ್ನಷ್ಟು ಬಿಗಿಯಾಗಿ ಡ್ರಮ್ಮಿಗೆ ಒತ್ತುತ್ತದೆ. ಬ್ರೇಕಿನ ದೊಡ್ಡ ಪಾಲು ಕೆಲಸ ಮಾಡುವುದು ಈ ಶೂ. ಇದನ್ನು ಲೀಡಿಂಗ್ ಶೂ ಎನ್ನುತ್ತೇವೆ. ಹಿಂದಿನ ಶೂ ಟ್ರೇಲಿಂಗ್, ಅದನ್ನು ಡ್ರಮ್ ದೂರ ತಳ್ಳುತ್ತಿರುತ್ತದೆ. ಕಾರು ಹಿಂದಕ್ಕೆ ಬರುವಾಗ ಇವೆರಡರ ಪಾತ್ರ ಅದಲುಬದಲಾಗುತ್ತದೆ. ಇಳಿಜಾರಿನಲ್ಲಿ ಮೂತಿ ಮೇಲಿದ್ದರೂ ಕೆಳಗಿದ್ದರೂ ಹ್ಯಾಂಡ್ ಬ್ರೇಕ್ ಹೆಚ್ಚುಕಡಿಮೆ ಒಂದೇ ಸಮ ಹಿಡಿಯುವುದು ಇದರಿಂದಲೇ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಕಿಟ್ ಕಾರುಗಳಲ್ಲಿ ಸಸ್ಪೆನ್ಷನ್ನಿನ ಕಂಬಿಗೆ ತಾಗುತ್ತದೆಂದೋ, ಪೈಪ್ ಹಾಕಲು ಸುಲಭವೆಂದೋ ಬ್ಯಾಕ್ ಪ್ಲೇಟನ್ನು (ಶೂ, ಸಿಲಿಂಡರ್ ಕೂರುವ ಹಿಂದಿನ ತಟ್ಟೆಯನ್ನು) ಕಾಲು ಸುತ್ತು ತಿರುಗಿಸಿ ಕೂರಿಸುವವರಿದ್ದಾರೆ. ಆಗ ಮುಂದಿನ ಶೂ, ಹಿಂದಿನ ಶೂ ಎಂಬ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಸಿಲಿಂಡರಿನಿಂದ ಆಸರೆಯ ಕಡೆಗೆ ಡ್ರಮ್ ಯಾವ ಶೂ ಮೇಲೆ ಸಾಗುತ್ತದೋ ಅದೇ ಲೀಡಿಂಗ್. ಎರಡು ಶೂಗಳ ಲೈನಿಂಗ್ ಉದ್ದ ಬೇರೆಬೇರೆಯಾಗಿದ್ದರೆ ಇದು ತಿಳಿಯದೆ ಜೋಡಿಸುವಂತಿಲ್ಲ. ಎರಡೂ ಶೂಗಳು ಕೆಳಗೆ ಒಂದಕ್ಕೊಂದು ತೇಲುವ ಅಡ್ಜಸ್ಟರಿನಿಂದ ಸೇರಿಕೊಂಡು, ಮೇಲೆ ಒಂದೇ ಗೂಟಕ್ಕೆ ಆನಿಕೊಳ್ಳುವ ಡ್ಯುಯೋ ಸರ್ವೋ ಮಾದರಿ ನಿಮ್ಮದಾಗಿದ್ದರೆ ಗಿಡ್ಡ ಲೈನಿಂಗ್ ಮುಂದಕ್ಕೆ, ಉದ್ದದ್ದು ಹಿಂದಕ್ಕೆ. ಉದ್ದದ್ದು ದೊಡ್ಡದು, ಅದೇ ಮುಂದೆ ಇರಬೇಕು ಎಂದುಕೊಂಡು ತಿರುಗಾ ಮುರುಗಾ ಹಾಕುವವರು ಬಹಳ.

ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಮಾತ್ರ ಯಾವ ಕಾರಣಕ್ಕೂ ಸಿಲಿಂಡರಿನ ತುತ್ತತುದಿಯಲ್ಲೇ ಇರಬೇಕು. ಬ್ಯಾಕ್ ಪ್ಲೇಟನ್ನು ತಿರುಗಿಸಿ ಕೂರಿಸಿದ್ದರಿಂದ ನಿಪ್ಪಲ್ ಕೆಳಗಾಗಿ, ಪೈಪ್ ಮೇಲಾದರೆ ಗಾಳಿಗುಳ್ಳೆ ಮೇಲ್ಗಡೆ ಹಾಯಾಗಿ ಕೂತಿರುತ್ತದೆ, ನೀವು ಬಾಟಲಿಗಟ್ಟಲೆ ಆಯಿಲ್ ಸುರಿದರೂ ಜಗ್ಗುವುದಿಲ್ಲ. ಎಡ ಬಲ ಬ್ಯಾಕ್ ಪ್ಲೇಟ್‌ಗಳು ಅದಲುಬದಲಾದರೆ ಹ್ಯಾಂಡ್ ಬ್ರೇಕ್ ಕೇಬಲಿನ ತೂತೂ ತಪ್ಪು ಕಡೆಗೆ ಮುಖ ಮಾಡುತ್ತದೆ. ಅಡ್ಜಸ್ಟರ್‌ಗಳಿಗೂ ಎಡ ಬಲ ಇರುತ್ತದೆ, ಮರೆಗಳು (ಸ್ಕ್ರೂವಿನ ಸುರುಳಿ ಗೆರೆಗಳು) ವಿರುದ್ಧ ದಿಕ್ಕಿನವು. ಬಲದ್ದು ಎಡಕ್ಕೆ ಹೋದರೆ ಪ್ರತಿ ಬಾರಿ ಅದು ಹೊಂದಿಸಿಕೊಳ್ಳುವ ಬದಲು ಇನ್ನಷ್ಟು ಸಡಿಲವಾಗುತ್ತದೆ. ಮೇಲೆ ಅಚ್ಚೊತ್ತಿದ ಅಕ್ಷರ ತುಕ್ಕಿನಲ್ಲಿ ಅಳಿದಿದ್ದರೆ ತಿರುಗಿಸಿ ಪರೀಕ್ಷಿಸಿ: ಸನ್ನೆ ಹಲ್ಲನ್ನು ಎಳೆಯುವ ದಿಕ್ಕಿನಲ್ಲಿ ತಿರುಗಿಸಿದಾಗ ಅಡ್ಜಸ್ಟರ್ ಉದ್ದವಾಗಬೇಕು.

ಹೊಸ ಭಾಗಗಳನ್ನೇ ಹಾಕಿದ್ದೇನೆ ಎಂದಿದ್ದೀರಿ, ಆದರೆ ಬ್ಯಾಕ್ ಪ್ಲೇಟ್ ಹಳೆಯದೇ ಇರಬೇಕು. ಅದರ ಮೇಲೆ ಶೂಗಳ ಅಂಚು ಜಾರಲೆಂದು ಉಬ್ಬಿಸಿದ ಪುಟ್ಟ ದಿಣ್ಣೆಗಳಿರುತ್ತವೆ, ಸಾಮಾನ್ಯವಾಗಿ ಒಂದೊಂದು ಶೂಗೆ ಮೂರು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಅವುಗಳಲ್ಲಿ ಕಚ್ಚು ಬಿದ್ದಿರುತ್ತದೆ. ಉಗುರು ಅಡ್ಡ ಎಳೆದರೆ ಉಗುರು ಸಿಕ್ಕಿಕೊಳ್ಳುತ್ತದೆ. ಉಗುರು ಸಿಕ್ಕಿದ ಜಾಗದಲ್ಲಿ ಶೂವೂ ಸಿಕ್ಕಿಕೊಳ್ಳುತ್ತದೆ: ಒತ್ತಿದಾಗ ಜಿಗಿದು ಹಿಡಿಯುತ್ತದೆ, ಬಿಟ್ಟಾಗ ಹಿಂದಕ್ಕೆ ಬರುವುದಿಲ್ಲ, ಒಂದು ಚಕ್ರ ಬಿಸಿಯಾಗುತ್ತಾ ಹೋಗುತ್ತದೆ. ಕಾರಣ ಹುಡುಕುವವರು ಸಿಲಿಂಡರ್ ಬದಲಿಸುತ್ತಾರೆ, ಸ್ಪ್ರಿಂಗ್ ಬದಲಿಸುತ್ತಾರೆ, ದಿಣ್ಣೆಯನ್ನು ಮಾತ್ರ ನೋಡುವುದಿಲ್ಲ. ಕಚ್ಚು ಕಡಿಮೆ ಇದ್ದರೆ ಅರದಿಂದ ಸಮ ಮಾಡಿ, ಆಳವಿದ್ದರೆ ವೆಲ್ಡಿಂಗ್ ತುಂಬಿಸಿ ಉಜ್ಜಿಸಿ, ಪ್ಲೇಟ್ ತೀರಾ ಹಾಳಾಗಿದ್ದರೆ ಬೇರೆ ತನ್ನಿ. ಆಮೇಲೆ ಆ ದಿಣ್ಣೆಗಳ ಮೇಲೆ ಬ್ರೇಕಿಗೆಂದೇ ಇರುವ, ಶಾಖ ತಾಳುವ ಗ್ರೀಸನ್ನು ತೆಳುವಾಗಿ ಸವರಿ. ಬೆರಳಿನಲ್ಲಿ ಒರೆಸಿಬಿಟ್ಟಂತೆ ಕಾಣಬೇಕು, ಅಷ್ಟೇ ಸಾಕು. ಹೆಚ್ಚಾದದ್ದು ಬಿಸಿಗೆ ಕರಗಿ ಲೈನಿಂಗ್ ಮೇಲೆ ಇಳಿಯುತ್ತದೆ. ಸಿಲಿಂಡರಿನ ರಬ್ಬರ್ ಹತ್ತಿರ ಸಾಮಾನ್ಯ ಗ್ರೀಸ್, ಎಂಜಿನ್ ಆಯಿಲ್ ಏನೂ ಸುಳಿಯಬಾರದು, ಖನಿಜ ತೈಲ ತಾಗಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಬ್ಯಾಕ್ ಪ್ಲೇಟನ್ನು ಆಕ್ಸಲಿಗೆ ಹಿಡಿದಿರುವ ಬೋಲ್ಟ್‌ಗಳನ್ನು ತಗಡು ಹಿಡಿಯುವ ಬೋಲ್ಟ್‌ಗಳೆಂದು ಭಾವಿಸಬೇಡಿ. ಬ್ರೇಕ್ ಒತ್ತಿದಾಗ ಡ್ರಮ್ ಶೂಗಳನ್ನು ತನ್ನೊಡನೆ ಸುತ್ತಿಸಲು ನೋಡುತ್ತದೆ, ಆ ತಿರುಚುವ ಬಲವೆಲ್ಲ ಈ ನಾಲ್ಕೈದು ಬೋಲ್ಟ್‌ಗಳ ಮೂಲಕ ಆಕ್ಸಲಿಗೆ ಸಾಗುತ್ತದೆ. ತಯಾರಕರು ಕೊಟ್ಟ ಮೂಲ ಬೋಲ್ಟ್‌ಗಳೇ ಉತ್ತಮ. ಸಿಗದಿದ್ದರೆ ತಲೆಯ ಮೇಲೆ 8.8 ಎಂದು ಅಚ್ಚಾಗಿರುವುದಕ್ಕಿಂತ ಕೆಳಗಿನ ದರ್ಜೆ ಬೇಡ, ಲಾಕ್ ನಟ್ ಹೊಸದೇ ಇರಲಿ. ಬ್ಯಾಕ್ ಪ್ಲೇಟ್ ಬಿಚ್ಚಿದ್ದೀರಾದರೆ ಆಕ್ಸಲ್ ಶಾಫ್ಟಿನ ಆಯಿಲ್ ಸೀಲನ್ನೂ ಈಗಲೇ ಬದಲಿಸಿ. ಹಳೆಯ ಸೀಲಿನಿಂದ ಗೇರ್ ಆಯಿಲ್ ಜಿನುಗಿದರೆ ಹೊಸ ಲೈನಿಂಗ್ ಒಂದೇ ದಿನದಲ್ಲಿ ಕೆಡುತ್ತದೆ, ನೆನೆದ ಲೈನಿಂಗನ್ನು ತೊಳೆದು ಮತ್ತೆ ಬಳಸುವ ಉಪಾಯಗಳನ್ನು ನಾನು ನಂಬುವುದಿಲ್ಲ.

ಇನ್ನೊಂದು ಎಚ್ಚರಿಕೆ, ಮುಖ್ಯವಾದದ್ದು. ಹಳೆಯ ಸೆಡಾನ್‌ನ ಡ್ರಮ್ಮಿನೊಳಗಿನ ಕಪ್ಪು ಧೂಳಿನಲ್ಲಿ ಕಲ್ನಾರು ಇರಬಹುದು. ಅದನ್ನು ಗಾಳಿಯಿಂದ ಊದಬೇಡಿ, ಒಣ ಬ್ರಷ್‌ನಿಂದ ಗುಡಿಸಬೇಡಿ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ, ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಆ ಧೂಳು ಶ್ವಾಸಕೋಶಕ್ಕೆ ಹೋಗುವಂಥದ್ದು, ಮುಖಗವಸು ಹಾಕಿಕೊಳ್ಳಿ.

ಡ್ರಮ್ಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗರಿಷ್ಠ ಒಳವ್ಯಾಸವನ್ನು ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ, ಅದನ್ನು ಮೀರಿದ್ದರೆ ಎಸೆಯಿರಿ. ಲೇತಿನಲ್ಲಿ ಕಡೆಸುವುದಿದ್ದರೆ ಎರಡನ್ನೂ ಒಂದೇ ಅಳತೆಗೆ ಕಡೆಸಿ. ಹೊಸ ಡ್ರಮ್ಮಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ, ಅದನ್ನು ತೊಳೆಯದೆ ಹಾಕಬೇಡಿ. ಡ್ರಮ್ ಕೂರುವ ಹಬ್ಬಿನ ಮುಖದ ಮೇಲೆ ಬಣ್ಣ ಬಳಿಯಬೇಡಿ. ಕಿಟ್ ಕಾರು ಕಟ್ಟುವವರು ಕಂಡಿದ್ದಕ್ಕೆಲ್ಲ ಬಣ್ಣ ಬಳಿಯುತ್ತಾರೆ, ಆ ದಪ್ಪನೆಯ ಪದರದ ಮೇಲೆ ಡ್ರಮ್ ಓರೆಯಾಗಿ ಕೂತು, ಪೆಡಲ್ ಕಾಲಿನಡಿ ಕುಣಿಯುತ್ತದೆ.

ಈಗ ನಿಮ್ಮ ಪೆಡಲ್. ಗಾಳಿ ತೆಗೆಯುವ ಮೊದಲು ಶೂ ಹೊಂದಿಸಬೇಕು. ಈ ಕ್ರಮ ತಿರುವುಮುರುವಾದರೆ ಆಯಿಲ್ ವ್ಯರ್ಥ, ಶ್ರಮವೂ ವ್ಯರ್ಥ. ಶೂ ಡ್ರಮ್ಮಿನಿಂದ ದೂರವಿದ್ದರೆ ಆ ದೂರವನ್ನು ಮುಚ್ಚುವುದಕ್ಕೇ ಪೆಡಲಿನ ಅರ್ಧ ಪಯಣ ಮುಗಿಯುತ್ತದೆ. ಅದು ಗಾಳಿಯಂತೆಯೇ ಭಾಸವಾಗುತ್ತದೆ, ಆದರೆ ಗಾಳಿಯಲ್ಲ. ಎರಡನ್ನೂ ಬೇರ್ಪಡಿಸುವ ದಾರಿ ಸುಲಭ. ಎರಡೂ ಡ್ರಮ್ ಹಾಕಿ, ಬ್ಯಾಕ್ ಪ್ಲೇಟಿನ ತೂತಿನಿಂದ ಸ್ಕ್ರೂಡ್ರೈವರ್ ತೂರಿಸಿ ಅಡ್ಜಸ್ಟರಿನ ಹಲ್ಲುಚಕ್ರವನ್ನು ಚಕ್ರ ಕೈಯಲ್ಲಿ ತಿರುಗದಷ್ಟು ಬಿಗಿ ಮಾಡಿ. ಈಗ ಪೆಡಲ್ ಒತ್ತಿ. ಮೇಲೆಯೇ ಗಟ್ಟಿಯಾಗಿ ನಿಂತರೆ ನಿಮ್ಮ ತೊಂದರೆ ಶೂ ದೂರವಿದ್ದದ್ದೇ. ಆಗಲೂ ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಇದೆ, ಹುಡುಕಿ. ಪೆಡಲ್ ಗಟ್ಟಿಯಾಗಿ ನಿಂತು, ಒತ್ತಿ ಹಿಡಿದಷ್ಟೂ ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಭಾಗದ) ಒಳಗಿನ ಸೀಲ್ ಸೋತಿದೆ.

ಶೂ ಬಿಗಿಯಾಗಿರುವ ಈ ಸ್ಥಿತಿಯಲ್ಲೇ ಗಾಳಿ ತೆಗೆಯಿರಿ. ಪಿಸ್ಟನ್ ಹೆಚ್ಚು ಹೊರಗೆ ಸರಿಯಲಾಗದ್ದರಿಂದ ಸಿಲಿಂಡರಿನಲ್ಲಿ ಗುಳ್ಳೆ ಅಡಗಲು ಜಾಗವೇ ಕಡಿಮೆ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಆರಂಭಿಸಿ, ಪೆಡಲನ್ನು ನಿಧಾನವಾಗಿ ಒತ್ತಿ, ನಿಪ್ಪಲ್ ಮುಚ್ಚಿದ ಮೇಲೆಯೇ ಬಿಡಿ. ಆಯಿಲ್ ವಿಷಯದಲ್ಲಿ ನಾನು ಡಾಟ್ 4 ದರ್ಜೆ ಬಿಟ್ಟು ಬೇರೆ ಯೋಚಿಸುವುದಿಲ್ಲ. ಹೊಸದಾಗಿದ್ದಾಗ ಅದು ಕುದಿಯುವುದು 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತೇವ ಹೀರಿಕೊಂಡ ಮೇಲೂ ಕನಿಷ್ಠ 155 ಡಿಗ್ರಿ. ಸಿಲಿಕೋನಿನ ಡಾಟ್ 5 ಇದರೊಡನೆ ಬೆರೆಯುವುದಿಲ್ಲ. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆಯೇ ಜಾತಿ, ಅದು ಡಾಟ್ 4ರ ಬಂಧು. ಡಾಟ್ 4, 5.1 ಎರಡೂ ಬಣ್ಣವನ್ನು ತಿನ್ನುತ್ತವೆ, ಚೆಲ್ಲಿದ ಕೂಡಲೇ ನೀರಿನಿಂದ ತೊಳೆಯಿರಿ.

ಗಾಳಿ ಹೋದ ಮೇಲೆ ಪೆಡಲನ್ನು ಜೋರಾಗಿ ಕೆಲವು ಸಲ ಒತ್ತಿ. ಶೂಗಳು ಡ್ರಮ್ಮಿನ ನಡುವಿಗೆ ಬಂದು ಕೂರುತ್ತವೆ, ಚಕ್ರ ಒಮ್ಮೊಮ್ಮೆ ತಾನಾಗಿ ಸಡಿಲವಾಗುತ್ತದೆ. ಮತ್ತೆ ಬಿಗಿ ಮಾಡಿ, ಮತ್ತೆ ಒತ್ತಿ. ಇನ್ನು ಸಡಿಲವಾಗುವುದಿಲ್ಲ ಎನ್ನುವಾಗ, ಚಕ್ರ ತಿರುಗಿಸಿದರೆ ಸುತ್ತಿಗೊಮ್ಮೆ ‘ಸರ್’ ಎಂದು ಸಣ್ಣಗೆ ತಾಗುವಷ್ಟು ಹಲ್ಲು ಹಿಂದಕ್ಕೆ ತಿರುಗಿಸಿ. ಎರಡೂ ಕಡೆ ಆ ಸದ್ದು ಒಂದೇ ಸಮ ಇರಬೇಕು. ಹೊಸ ಶೂ ಡ್ರಮ್ಮಿಗೆ ಹೇಗೆ ತಾಗುತ್ತಿದೆ ಎಂಬ ಕುತೂಹಲವಿದ್ದರೆ ಲೈನಿಂಗ್ ಮೇಲೆ ಸೀಮೆಸುಣ್ಣ ಬಳಿದು, ಡ್ರಮ್ ಹಾಕಿ, ಸ್ವಲ್ಪ ಒತ್ತಿ ತಿರುಗಿಸಿ ತೆಗೆಯಿರಿ. ನಡುವೆ ಮಾತ್ರ ಅಳಿಸಿದ್ದರೆ ಚಿಂತೆಯಿಲ್ಲ, ಓಡಿದಂತೆ ಕೂಡಿಕೊಳ್ಳುತ್ತದೆ. ಎರಡು ತುದಿಗಳಲ್ಲಿ ಮಾತ್ರ ಅಳಿಸಿದ್ದರೆ ಆ ಶೂ ಕಿರುಚುತ್ತದೆ, ತಟ್ಟನೆ ಹಿಡಿಯುತ್ತದೆ. ತುದಿಗಳನ್ನು ಸ್ವಲ್ಪ ಉಜ್ಜಿ ಇಳಿಸಬೇಕಾಗುತ್ತದೆ.

ಮಾಸ್ಟರ್ ಸಿಲಿಂಡರ್ ಯಾವ ಕಾರಿನದ್ದು ಎಂದು ನೀವು ಬರೆದಿಲ್ಲ. ಹಳೆಯ ಡ್ರಮ್ ಬ್ರೇಕಿನ ಸಾಲುಗಳಲ್ಲಿ ಸುಮಾರು 0.7 ಬಾರ್ ಒತ್ತಡವನ್ನು ಸದಾ ಉಳಿಸುವ ವಾಲ್ವ್ ಇರುತ್ತಿತ್ತು. ಸೀಲಿನ ಅಂಚು ಗೋಡೆಗೆ ಒತ್ತಿಕೊಂಡಿರಲಿ, ಗಾಳಿ ಒಳಗೆಳೆಯದಿರಲಿ ಎಂಬುದಕ್ಕೆ. ಈಚಿನ ವೀಲ್ ಸಿಲಿಂಡರ್‌ಗಳಲ್ಲಿ ಆ ಕೆಲಸವನ್ನು ಒಳಗಿನ ಸ್ಪ್ರಿಂಗ್ ಮಾಡುತ್ತದೆ. ನಾಲ್ಕೂ ಕಡೆ ಡ್ರಮ್ ಇದ್ದ ಕಾರಿನ ಮಾಸ್ಟರ್ ಸಿಲಿಂಡರ್ ತಂದು ಮುಂದಿನ ಡಿಸ್ಕಿಗೆ ಜೋಡಿಸಿದ್ದರೆ ಆ ಒತ್ತಡ ಡಿಸ್ಕಿನ ಪ್ಯಾಡನ್ನು ಬಿಡದೆ ಹಿಡಿದಿಡುತ್ತದೆ. ಒಮ್ಮೆ ಪರಿಶೀಲಿಸಿ.

ಪೈಪಿಗೆ ತಾಮ್ರ ನಿಕ್ಕಲ್ ಮಿಶ್ರಲೋಹ ಬಳಸಿ. ಬಗ್ಗಿಸಲು ಸುಲಭ, ತುಕ್ಕು ಹಿಡಿಯದು. ಬರಿ ತಾಮ್ರ ಅದುರಿ ಅದುರಿ ಗಡುಸಾಗುತ್ತದೆ, ಆಮೇಲೆ ಸೀಳುತ್ತದೆ. ಹೆಚ್ಚಿನವುಗಳ ಹೊರವ್ಯಾಸ 4.75 ಮಿ.ಮೀ. ಬಾಯಿ ಅರಳಿಸುವಾಗ ಆ ಜೋಡಣೆಗೆ ಬೇಕಾದ ಆಕಾರವೇ ಇರಲಿ. ಎರಡು ಮಡಿಕೆಯ ಅರಳು ಬೇರೆ, ಗುಳ್ಳೆಯಾಕಾರದ್ದು ಬೇರೆ. ಎರಡು ಕಾರುಗಳ ಭಾಗ ಸೇರಿಸುವಾಗ ಇಂಚಿನ ಮರೆಯ ನಟ್ ಮತ್ತು 10 ಮಿ.ಮೀ. ಮರೆಯ ನಟ್ ಮೊದಲ ಒಂದೆರಡು ಸುತ್ತು ಒಂದಕ್ಕೊಂದು ಹೊಂದಿದಂತೆ ನಟಿಸುತ್ತವೆ. ಕೈಯಲ್ಲೇ ಪೂರ್ತಿ ಹೋಗದ ನಟ್ಟನ್ನು ಸ್ಪ್ಯಾನರಿನಿಂದ ಬಲವಂತ ಮಾಡಬೇಡಿ.

ಹ್ಯಾಂಡ್ ಬ್ರೇಕ್ ಕೇಬಲಿಗೆ ಗಂಟು ಹಾಕಿ, ಸುರುಳಿ ಸುತ್ತಿ ಗಿಡ್ಡ ಮಾಡುವ ಯೋಚನೆ ಇದ್ದರೆ ಬಿಡಿ. ಅಳತೆ ಕೊಟ್ಟರೆ ಕೇಬಲ್ ಮಾಡಿಕೊಡುವವರು ಇರುತ್ತಾರೆ. ಒಳಗಿನ ತಂತಿಯ ಉದ್ದ, ಹೊರಕವಚದ ಉದ್ದ ಎರಡನ್ನೂ ಬೇರೆಬೇರೆಯಾಗಿ ಅಳೆದು ಕೊಡಿ. ಆದರೆ ಆಕ್ಸಲ್ ಸ್ಟ್ಯಾಂಡ್ ಮೇಲೆ ಜೋತು ಬಿದ್ದಿರುವಾಗ ಅಳೆಯಬೇಡಿ. ಆಕ್ಸಲ್ ಪೂರ್ತಿ ಕೆಳಗೆ, ಪೂರ್ತಿ ಮೇಲೆ, ಕಾರಿನ ಭಾರ ಹೊತ್ತ ಸಹಜ ಎತ್ತರದಲ್ಲಿ ಹೀಗೆ ಮೂರೂ ಕಡೆ ಇಟ್ಟು ನೋಡಿ. ಎಲ್ಲಿಯೂ ಕೇಬಲ್ ತಾನಾಗಿ ಬಿಗಿಯಾಗಬಾರದು. ಹೊರಕವಚದ ಎರಡೂ ತುದಿ ಗಟ್ಟಿಯಾದ ಬ್ರಾಕೆಟಿಗೆ ಆನಿಕೊಂಡಿರಬೇಕು. ತೆಳು ಅಲ್ಯೂಮಿನಿಯಂ ತಗಡಿಗೆ ಹಿಡಿಸಿದರೆ ಲಿವರ್ ಎಳೆದಷ್ಟೂ ತಗಡು ಬಾಗುತ್ತದೆ, ಚಕ್ರ ಮಾತ್ರ ಹಿಡಿಯುವುದಿಲ್ಲ. ಎರಡು ಚಕ್ರಗಳ ನಡುವೆ ಎಳೆತವನ್ನು ಹಂಚುವ ಪಟ್ಟಿ ಆಚೀಚೆ ಓಲಾಡಲು ಜಾಗ ಬಿಡಿ.

ಶೂ ಹೊಂದಿಸುವುದು ಮುಗಿಯುವವರೆಗೂ ಕೇಬಲ್ ಜೋಡಿಸಲೇಬೇಡಿ. ಕೇಬಲ್ ಎಳೆದು ಶೂ ದೂರವನ್ನು ಮುಚ್ಚಿದರೆ ಹ್ಯಾಂಡ್ ಬ್ರೇಕ್ ಚೆನ್ನಾಗಿದೆ ಎನಿಸುತ್ತದೆ, ಆದರೆ ಒಳಗಿನ ಸನ್ನೆ ತನ್ನ ತಡೆ ಬಿಟ್ಟು ಮೇಲೆದ್ದಿರುತ್ತದೆ. ಅಲ್ಲಿಂದಾಚೆಗೆ ತಾನಾಗಿ ಹೊಂದಿಕೊಳ್ಳುವ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ. ಶೂ ಸರಿಯಾದ ಮೇಲೆ ಕೇಬಲ್ ಹಾಕಿ, ಲಿವರ್ ನಾಲ್ಕೈದು ಕ್ಲಿಕ್‌ಗಳಲ್ಲಿ ಹಿಡಿಯುವಂತೆ ಮಾಡಿ. ಲಿವರ್ ಇಳಿಸಿದಾಗ ಒಳಗಿನ ಸನ್ನೆ ತಡೆಗೆ ತಾಗುತ್ತದೆಯೇ ಎಂದು ಮತ್ತೊಮ್ಮೆ ನೋಡಿ.

ಈಗ ಡಿಸ್ಕ್ ಬೇಕೇ ಎಂಬ ಪ್ರಶ್ನೆಗೆ. ನನ್ನ ಅಭಿಪ್ರಾಯ ನೇರವಾಗಿದೆ: ಬೇಡ. ಇಂಥ ಹಗುರ ಕಾರಿನಲ್ಲಿ ಹಿಂಬದಿಯ ಬ್ರೇಕ್ ಕಡಿಮೆ ಹಿಡಿಯಬೇಕು, ಎರಡೂ ಕಡೆ ಸಮನಾಗಿ ಹಿಡಿಯಬೇಕು. ಅದರಿಂದ ಬೇಕಾದದ್ದು ಅಷ್ಟೇ. ನಿಮ್ಮ ಡ್ರಮ್ಮಿನ ಶಕ್ತಿ ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚಿದೆ.

ಒಂದು ಒರಟು ಲೆಕ್ಕ ನೋಡಿ. ಚಾಲಕ ಸೇರಿ ನಿಮ್ಮ ಕಾರು 700 ಕಿಲೋ, ಮುಂದೆ ಹಿಂದೆ ಸಮ ಭಾರ, ಗುರುತ್ವಕೇಂದ್ರದ ಎತ್ತರ 0.45 ಮೀಟರ್, ಚಕ್ರಾಂತರ 2.3 ಮೀಟರ್ ಎಂದಿಟ್ಟುಕೊಳ್ಳೋಣ. ಗುರುತ್ವ ವೇಗೋತ್ಕರ್ಷದ 0.8ರಷ್ಟು ಜೋರಾಗಿ ಬ್ರೇಕ್ ಹಾಕಿದಾಗ 700 × 0.8 × 0.45 ÷ 2.3, ಅಂದರೆ ಸುಮಾರು 110 ಕಿಲೋ ಭಾರ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಹಿಂದಿನ ಎರಡು ಚಕ್ರಗಳ ಮೇಲೆ ಉಳಿಯುವುದು 240 ಕಿಲೋ, ಒಟ್ಟು ಭಾರದ ಮೂರನೇ ಒಂದಂಶ. ಆ ಆಕ್ಸಲ್ ಬಂದ ಸೆಡಾನ್ ಐದು ಜನರನ್ನೂ ಸಾಮಾನನ್ನೂ ಹೊತ್ತು ಇದೇ ರೀತಿ ನಿಲ್ಲುವಾಗ ಅದರ ಹಿಂದಿನ ಚಕ್ರಗಳ ಮೇಲೆ ಇದರ ಎರಡು ಪಟ್ಟು ಉಳಿಯುವುದು ಸಾಮಾನ್ಯ. ಆ ಭಾರಕ್ಕೆಂದು ಆರಿಸಿದ ಸಿಲಿಂಡರ್, ಆ ಶೂ ಈಗ ನಿಮ್ಮ ಕಾರಿನಲ್ಲಿದೆ. ಮುಂದಿನ ಚಕ್ರ ಇನ್ನೂ ಹಿಡಿಯುತ್ತಿರುವಾಗಲೇ ಹಿಂದಿನದು ಲಾಕ್ ಆಗಿ ಜಾರುತ್ತದೆ. ಮುಂದಿನದು ಲಾಕ್ ಆದರೆ ಕಾರು ನೇರ ಜಾರುತ್ತದೆ, ಹಿಂದಿನದು ಮೊದಲು ಲಾಕ್ ಆದರೆ ಕಾರಿನ ಹಿಂಭಾಗ ಮುಂದೆ ಬರಲು ನೋಡುತ್ತದೆ, ತಿರುಗಿಬಿಡುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಗುರವಾಗಿದ್ದರೂ ಸಾಕು.

ಇದಕ್ಕೆ ನನ್ನ ಮೊದಲ ಆಯ್ಕೆ ಚಿಕ್ಕ ವೀಲ್ ಸಿಲಿಂಡರ್. ಒತ್ತುವ ಬಲ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಸಿಲಿಂಡರಿನ ಬದಲು 15.87 ಮಿ.ಮೀ.ನದು ಹಾಕಿದರೆ ಅದೇ ಪೆಡಲ್ ಒತ್ತಡಕ್ಕೆ ಬಲ ಶೇಕಡ 30ರಷ್ಟು ಇಳಿಯುತ್ತದೆ. ಮೇಲಾಗಿ ಅದು ಕಡಿಮೆ ಆಯಿಲ್ ಕೇಳುವುದರಿಂದ ಪೆಡಲ್ ಗಿಡ್ಡವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಬ್ಯಾಕ್ ಪ್ಲೇಟಿಗೆ ಹೊಂದುವ ಬೇರೆ ವ್ಯಾಸದ ಸಿಲಿಂಡರ್‌ಗಳನ್ನು ಹಲವು ಕಾರುಗಳಲ್ಲಿ ಬಳಸಿರುತ್ತಾರೆ, ಹುಡುಕಿ ನೋಡಿ. ಅದು ಆಗದಿದ್ದರೆ ಹಿಂಬದಿಯ ಪೈಪಿನಲ್ಲಿ ಒತ್ತಡ ತಗ್ಗಿಸುವ, ಕೈಯಿಂದ ಹೊಂದಿಸಬಹುದಾದ ವಾಲ್ವ್ ಹಾಕಿ. ಮುಂದಿನ ಪೈಪಿನಲ್ಲಿ ಅದಕ್ಕೆ ಜಾಗವಿಲ್ಲ. ಸೆಡಾನ್‌ನಿಂದ ಭಾರಕ್ಕೆ ತಕ್ಕಂತೆ ಒತ್ತಡ ಬದಲಿಸುವ ವಾಲ್ವ್ ಕೂಡ ಬಂದಿದ್ದರೆ ಹಾಕಬೇಡಿ, ಅದರ ಲೆಕ್ಕವೆಲ್ಲ ಸೆಡಾನ್‌ನ ಸ್ಪ್ರಿಂಗ್ ಎಷ್ಟು ತಗ್ಗುತ್ತದೆ ಎಂಬುದರ ಮೇಲೆ ನಿಂತಿದೆ. ಡ್ಯುಯೋ ಸರ್ವೋ ಮಾದರಿಯಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅದು ತನ್ನ ಬಲವನ್ನು ತಾನೇ ಹೆಚ್ಚಿಸಿಕೊಳ್ಳುವುದು ಜಾಸ್ತಿ, ಲೈನಿಂಗಿನಲ್ಲಿ ಎಡಕ್ಕೂ ಬಲಕ್ಕೂ ಇರುವ ಸಣ್ಣ ವ್ಯತ್ಯಾಸವೂ ಅಲ್ಲಿ ದೊಡ್ಡದಾಗುತ್ತದೆ.

ಡಿಸ್ಕ್ ಹಾಕಿದರೆ ಈ ಸಮತೋಲನದ ಲೆಕ್ಕವನ್ನು ಮೊದಲಿನಿಂದ ಮಾಡಬೇಕು, ಹ್ಯಾಂಡ್ ಬ್ರೇಕಿಗೆ ಬೇರೆ ವ್ಯವಸ್ಥೆ ಹುಡುಕಬೇಕು, ಚಕ್ರ ಹೊರಗೆ ಬರುತ್ತದೋ ಒಳಗೆ ಹೋಗುತ್ತದೋ ನೋಡಬೇಕು. ಸತತವಾಗಿ ಬ್ರೇಕ್ ಹಾಕುತ್ತಾ ರೇಸ್ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಅದರಿಂದ ಪ್ರಯೋಜನವಿರಬಹುದು. ರಸ್ತೆಯಲ್ಲಿ ಓಡುವ 620 ಕಿಲೋ ಕಾರಿನ ಹಿಂಬದಿಗೆ ಬರುವ ಶಾಖ ಡ್ರಮ್ಮಿಗೆ ಲೆಕ್ಕಕ್ಕಿಲ್ಲ.

ರಸ್ತೆಗಿಳಿಯುವ ಮೊದಲು ಒಬ್ಬರನ್ನು ಕೂರಿಸಿ ಪೆಡಲನ್ನು ಪೂರ್ತಿ ಬಲದಿಂದ ಒಂದು ನಿಮಿಷ ಒತ್ತಿಸಿ, ನೀವು ಪ್ರತಿ ಜೋಡಣೆಗೂ ಒಣ ಕಾಗದ ಒತ್ತಿ ನೋಡಿ. ಜನವಾಹನ ಇಲ್ಲದ ಅಗಲ ಜಾಗದಲ್ಲಿ, ನಡಿಗೆಯ ವೇಗದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಹೊರಗೆ ನಿಂತವರು ಯಾವ ಚಕ್ರ ಮೊದಲು ನಿಲ್ಲುತ್ತದೆ ಎಂದು ನೋಡಲಿ, ಟಯರಿನ ಪಕ್ಕಕ್ಕೆ ಸುಣ್ಣದ ಗೆರೆ ಎಳೆದಿದ್ದರೆ ಸುಲಭವಾಗಿ ಕಾಣುತ್ತದೆ. ಮೊದಮೊದಲು ಮಧ್ಯಮ ವೇಗದಿಂದ ಹಗುರವಾಗಿ ನಿಲ್ಲಿಸುತ್ತಾ, ನಡುವೆ ಆರಲು ಬಿಡುತ್ತಾ ಲೈನಿಂಗನ್ನು ಪಳಗಿಸಿ. ಡ್ರಮ್ ಕಾದಿರುವಾಗ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡಿ, ಆರುತ್ತಾ ಕುಗ್ಗುವ ಡ್ರಮ್ ಶೂಗಳ ಮೇಲೆ ಬಿಗಿದುಕೊಂಡು ಆಕಾರ ಕೆಡಬಹುದು. ಚಕ್ರಕ್ಕೆ ಕಲ್ಲು ಕೊಡಿ.

ಸುಮಾರು 200 ಕಿಲೋಮೀಟರ್ ಓಡಿದ ಮೇಲೆ ಎರಡೂ ಡ್ರಮ್ ಬಿಚ್ಚಿ, ಬ್ಯಾಕ್ ಪ್ಲೇಟಿನ ಬೋಲ್ಟ್ ಬಿಗಿತ ನೋಡಿ, ಶೂ ಇನ್ನೊಮ್ಮೆ ಹೊಂದಿಸಿ. ಲೈನಿಂಗಿನ ಬಣ್ಣ ಎಡಕ್ಕೂ ಬಲಕ್ಕೂ ಬೇರೆಯಾಗಿ ಕಂಡರೆ, ಅಥವಾ ಹಿಂದಿನ ಚಕ್ರ ಇನ್ನೂ ಮೊದಲು ಲಾಕ್ ಆಗುತ್ತಿದ್ದರೆ, ಮಾಸ್ಟರ್ ಸಿಲಿಂಡರಿನ ವ್ಯಾಸ, ವೀಲ್ ಸಿಲಿಂಡರಿನ ವ್ಯಾಸ, ಡ್ರಮ್ಮಿನ ಅಳತೆ ಮತ್ತು ನಾಲ್ಕೂ ಚಕ್ರಗಳ ಕೆಳಗಿನ ತೂಕ ಬರೆದು ಕಳುಹಿಸಿ. ಅಷ್ಟಿದ್ದರೆ ಯಾವ ವ್ಯಾಸದ ಸಿಲಿಂಡರ್ ಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ.